ಪಟಿಂಗ್ ಗ್ರೀನ್‌ನಲ್ಲಿ ನೀರು ಇಂಗುತ್ತಿಲ್ಲ, ಪಾಚಿ ಬಿಡುತ್ತಿಲ್ಲ: ಏನು ಮಾಡಲಿ?

ಹಿತ್ತಲಹುಲ್ಲು (ಮೈಸೂರು):
ನಮಸ್ಕಾರ. ಮನೆ ಹಿಂದೆ 25 ಅಡಿಗೆ 15 ಅಡಿ ಪಟಿಂಗ್ ಗ್ರೀನ್ (ಗಾಲ್ಫ್ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವ ಗಿಡ್ಡ ಹುಲ್ಲಿನ ಜಾಗ) ಇದೆ. ಹುಲ್ಲು ಟಿಫ್‌ಡ್ವಾರ್ಫ್ ಬರ್ಮುಡಾ. ತಳದಲ್ಲಿ 4 ಇಂಚು ಜಲ್ಲಿ, ಮೇಲೆ ಒಂದು ಅಡಿ ಹೊಳೆ ಮರಳು. ಮೊದಲ ವರ್ಷ ಬಹಳ ಚೆನ್ನಾಗಿತ್ತು. ಈ ಮಳೆಗಾಲದಲ್ಲಿ ತಗ್ಗಿನ ಕಡೆ ಹುಲ್ಲು ತೆಳುವಾಗಿ ಪಾಚಿ ಕಟ್ಟಿದೆ. ಮಳೆ ನಿಂತು ಅರ್ಧ ದಿನವಾದರೂ ಕಾಲಿಟ್ಟರೆ ನೀರು ಜಿನುಗುತ್ತದೆ, ಚೆಂಡು ಅಲ್ಲಿಗೆ ಬಂದು ನಿಂತೇ ಬಿಡುತ್ತದೆ. ಮ್ಯಾಂಕೋಜೆಬ್ (ಶಿಲೀಂಧ್ರನಾಶಕ ಔಷಧಿ) ಹೊಡೆಸಿದಾಗ ಪಾಚಿ ಹೋಯಿತು, ಮತ್ತೆ ಬಂತು. ಅಮೋನಿಯಂ ಸಲ್ಫೇಟ್, ಜಿಪ್ಸಂ ಕೊಡುತ್ತಿದ್ದೇವೆ. 4 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತೇವೆ.

ತೋಟದಮನೆ:
ಹುಲ್ಲಿಗೆ ಶಕ್ತಿ ಸಾಲದು ಅನಿಸುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ತೆಳುವಾಗಿ ಹರಡಿ. ನಮ್ಮ ಲಾನ್‌ಗೆ ಅದೇ ಹಾಕುವುದು.

ಮರಳುಮಣ್ಣು:
ಲಾನ್‌ಗೆ ಸರಿ, ಗ್ರೀನ್‌ಗೆ ದಯವಿಟ್ಟು ಬೇಡ. ಗೊಬ್ಬರದ ನುಣ್ಣನೆ ಪುಡಿ ಮರಳಿನ ಸಂದುಗಳನ್ನು ಮುಚ್ಚುತ್ತದೆ, ಇರುವ ತೊಂದರೆ ಇನ್ನೂ ಹೆಚ್ಚುತ್ತದೆ.

ಹಿತ್ತಲಹುಲ್ಲು ಅವರೇ, ಔಷಧಿ ಸದ್ಯಕ್ಕೆ ನಿಲ್ಲಿಸಿ. ಪಾಚಿ ಇರುವ ಕಡೆ ಉದ್ದನೆಯ ಚಾಕುವಿನಿಂದ ಆರಿಂಚು ಆಳದ ಒಂದು ತುಂಡು ಕುಯ್ದು ತೆಗೆಯಿರಿ. ಬಣ್ಣ ಹೇಗಿದೆ, ವಾಸನೆ ಇದೆಯೇ, ಬೇರು ಎಲ್ಲಿವರೆಗೆ ಇಳಿದಿದೆ, ತಿಳಿಸಿ. ಮೇಲೆ ಹರಡಲು ಯಾವ ಮರಳು ಬಳಸುತ್ತಿದ್ದೀರಿ ಅನ್ನುವುದೂ ಬೇಕು.

ಹಿತ್ತಲಹುಲ್ಲು:
ಮೇಲಿನ ಒಂದಿಂಚು ಬೂದು ಬಣ್ಣ, ಹಿಟ್ಟಿನಂತೆ ನುಣುಪು. ಅದರೊಳಗೇ ಅಡಿಯಲ್ಲಿ ಕಪ್ಪು ಪಟ್ಟಿ, ಕೊಳೆತ ಮೊಟ್ಟೆಯ ವಾಸನೆ. ಬೇರು ಅಲ್ಲಿಗೇ ನಿಂತಿದೆ. ಕೆಳಗಿನ ಹೊಳೆ ಮರಳು ಮಾತ್ರ ಒದ್ದೆಯೇ ಇಲ್ಲ ಅನ್ನುವಷ್ಟು ಚೆನ್ನಾಗಿದೆ. ಮೇಲೆ ಹರಡುತ್ತಿರುವುದು ಪಿ-ಸ್ಯಾಂಡ್, ಹೊಳೆ ಮರಳು ಸಿಗಲಿಲ್ಲವೆಂದು ಮಾಲಿ ತಂದದ್ದು.

ಮರಳುಮಣ್ಣು:
ಹಾಗಾದರೆ ಹುಲ್ಲಿಗೆ ರೋಗವಿಲ್ಲ. ತೊಂದರೆ ಆ ಒಂದಿಂಚಿನಲ್ಲಿದೆ.

ಪಿ-ಸ್ಯಾಂಡ್ ಗಾರೆಗೆಂದು ಕಲ್ಲು ಪುಡಿ ಮಾಡಿ ತಯಾರಿಸುವ ಮರಳು, ಅದರಲ್ಲಿ ಧೂಳು ಜಾಸ್ತಿ. ನುಣ್ಣನೆ ಪದರ ಒರಟು ಮರಳಿನ ಮೇಲೆ ಕೂತರೆ, ತಾನು ಪೂರ್ತಿ ತೋಯುವವರೆಗೆ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಮರಳಿನ ಅಡಿಯಲ್ಲಿ ಜಲ್ಲಿ ಹಾಕುವ ಗುಟ್ಟೂ ಇದೇ: ಒಂದು ಅಡಿ ಕೆಳಗೆ ಸ್ವಲ್ಪ ತೇವ ನಿಂತರೆ ಬೇರಿಗೆ ಒಳ್ಳೆಯದು. ನಿಮ್ಮಲ್ಲಿ ಆ ತೇವ ಒಂದು ಅಡಿಯ ಬದಲು ಒಂದಿಂಚಿನಲ್ಲಿ ನಿಂತಿದೆ, ಬೇರಿಗೆ ಉಸಿರಾಡಲು ಜಾಗವಿಲ್ಲ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ವಾಸನೆ ಅದರದ್ದು. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಪಟ್ಟಿ. ಅಮೋನಿಯಂ ಸಲ್ಫೇಟ್, ಜಿಪ್ಸಂ ಎರಡರಲ್ಲೂ ಸಲ್ಫೇಟ್ ಇದೆ. ಇಂದೇ ನಿಲ್ಲಿಸಿ. ಸಾರಜನಕ ಬೇಕೆನಿಸಿದರೆ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ತೆಳುವಾಗಿ ಕೊಡಿ.

ಇನ್ನು ರಿಪೇರಿ. ಮಳೆ ಬಿಡುವು ಕೊಟ್ಟಾಗ ಅರ್ಧ ಇಂಚಿನ ಟೊಳ್ಳು ಕೊಳವೆಯಿಂದ ಎರಡಿಂಚಿಗೊಂದರಂತೆ ತೂತು ಹೊಡೆಯಿರಿ. ಕಪ್ಪು ಪಟ್ಟಿ ದಾಟಿ ಹೊಳೆ ಮರಳಿಗೆ ಇಳಿಯಲೇಬೇಕು. ಮೊಳೆ ಅಥವಾ ಗಟ್ಟಿ ಸರಳು ಚುಚ್ಚಬೇಡಿ, ಸುತ್ತಲಿನ ಮಣ್ಣು ಒತ್ತಿಕೊಳ್ಳುತ್ತದೆ. ಬಂದ ತುಂಡುಗಳನ್ನು ಗುಡಿಸಿ ಹೊರಗೆ ಹಾಕಿ, ತೂತಿಗೆ ತೊಳೆದು ಒಣಗಿಸಿದ ಮರಳು ತುಂಬಿ. ಮರಳು ಕೆಳಗಿರುವಂಥದ್ದೇ ಆಗಿರಲಿ. ಕಣಗಳು ಹೆಚ್ಚಾಗಿ 0.25ರಿಂದ 1 ಮಿ.ಮೀ. ಇರಬೇಕು. ಕೊಳ್ಳುವ ಮೊದಲು ಗಾಜಿನ ಬಾಟಲಿಗೆ ಮರಳು, ನೀರು ಹಾಕಿ ಅಲುಗಾಡಿಸಿ ಇಡಿ. ಮೇಲೆ ದಪ್ಪ ಕೆಸರು ಕೂತರೆ ಆ ಲೋಡ್ ವಾಪಸ್ ಕಳಿಸಿ.

ಹುಲ್ಲು ಚೇತರಿಸುವವರೆಗೆ 6 ಮಿ.ಮೀ.ಗೆ ಕತ್ತರಿಸಿ. ಚೆಂಡು ನಿಧಾನವಾಗುತ್ತದೆ, ಆದರೂ ಎಲೆಯಿಲ್ಲದೆ ಬೇರು ಬರುವುದಿಲ್ಲ.

ಹಿತ್ತಲಹುಲ್ಲು:
ತುಂಬಾ ಥ್ಯಾಂಕ್ಸ್ ಸರ್. ಇಡೀ ಗ್ರೀನ್‌ಗೆ ಪಿ-ಸ್ಯಾಂಡ್ ಹಾಕಿದ್ದರೂ ತಗ್ಗಿನ ಕಡೆ ಮಾತ್ರ ಯಾಕೆ ಹೀಗೆ? ಆ ಪಕ್ಕದಲ್ಲೇ ಪೂರ್ವಕ್ಕೆ ಮಾವಿನ ಮರವಿದೆ.

ಮರಳುಮಣ್ಣು:
ಮೇಲಿನ ನೀರೆಲ್ಲ ಹರಿದು ಸೇರುವುದು ಅಲ್ಲಿಗೆ, ಬೆಳಗಿನ ಬಿಸಿಲಿಲ್ಲದೆ ಒಣಗುವುದೂ ಇಲ್ಲ. ಬರ್ಮುಡಾಕ್ಕೆ ನೆರಳು ಆಗಿಬರುವುದಿಲ್ಲ. ಮರ ಕಡಿಯಬೇಡಿ, ಕೆಳಗಿನ ಕೊಂಬೆಗಳನ್ನು ಸವರಿಸಿ. ತೂತು ಮಾತ್ರ ಇಡೀ ಗ್ರೀನ್‌ಗೆ ಹೊಡೆಯಿರಿ, ಆ ಬೂದು ಪದರ ಎಲ್ಲ ಕಡೆ ಇದೆ.

ಹಿತ್ತಲಹುಲ್ಲು:
ಮೊನ್ನೆ ತೂತು ಹೊಡೆಸಿ ಮರಳು ತುಂಬಿಸಿದೆವು. ನಿನ್ನೆ ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ನೀರಿಲ್ಲ, ಬಸಿ ಪೈಪಿನ ಬಾಯಲ್ಲಿ ಧಾರೆ ಬರುತ್ತಿತ್ತು! ವಾಸನೆ ಇನ್ನೂ ಸ್ವಲ್ಪ ಇದೆ.

ಮರಳುಮಣ್ಣು:
ಬಹಳ ಖುಷಿಯಾಯಿತು. ಗಾಳಿ ಆಡಿದಂತೆ ವಾಸನೆ ಹೋಗುತ್ತದೆ. ಆ ಪದರವನ್ನು ಒಂದೇ ಸಲ ಪೂರ್ತಿ ತೆಗೆಯಲಾಗದು. ಡಿಸೆಂಬರ್, ಜನವರಿಯಲ್ಲಿ ಕೈ ಹಚ್ಚಬೇಡಿ, ಚಳಿಯಲ್ಲಿ ಬರ್ಮುಡಾ ತೂತು ಮುಚ್ಚಿಕೊಳ್ಳಲು ತಡ. ಮಾರ್ಚ್‌ನಲ್ಲಿ ಇನ್ನೊಮ್ಮೆ ಹೊಡೆಸಿ, ಹಳೆಯ ತೂತುಗಳ ನಡುವೆ.