ಟಿಯಾಗೊ ಇವಿ ಕಾರಲ್ಲಿ ಚಂದ್ರಿಕೆ, ರೇಷ್ಮೆಗೂಡು ಸಾಗಿಸಿದವರು ಇದ್ದೀರಾ?

ಚಿಂತಾಮಣಿ ಹತ್ತಿರದ ಹಳ್ಳಿ ನಮ್ಮದು. ಭಾವನ ಮನೆಯಿಂದ 4 ಚಂದ್ರಿಕೆ ತರಬೇಕು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳು, 6 ಅಡಿ ಉದ್ದ, 4 ಅಡಿ ಅಗಲ. ಆಮೇಲೆ ಸುಮಾರು 50 ಕೆಜಿ ಗೂಡನ್ನು ಶಿಡ್ಲಘಟ್ಟ ಮಾರ್ಕೆಟ್‌ಗೆ ಒಯ್ಯಬೇಕು. ಟೆಂಪೊ ಬಾಡಿಗೆ ಉಳಿಸೋಣ ಅಂತ. ಡಿಕ್ಕಿ 240 ಲೀಟರ್ ಅಷ್ಟೇ. ಆಗುತ್ತಾ?

ಉತ್ತರ 1
ಚಂದ್ರಿಕೆ ಡಿಕ್ಕಿ ಬಾಗಿಲಲ್ಲಿ ತೂರಲ್ಲ ಅಣ್ಣ, 4 ಅಡಿ ಅಗಲ ಅಲ್ವಾ. ನಾನು ಒಮ್ಮೆ ಎರಡನ್ನು ಮೇಲೆ ಕಟ್ಟಿಕೊಂಡು ಹೊರಟೆ. ಕೈವಾರ ದಾಟುತ್ತಿದ್ದಂತೆ ಗಾಳಿ ಅಡಿಗೆ ನುಗ್ಗಿತು. ಮುಂದಿನ ತುದಿ ಗಾಳಿಪಟದ ಹಾಗೆ ಎದ್ದು ಪಟಪಟ ಅಂತ ಬಡಿಯತೊಡಗಿತು. ಹಗ್ಗ ಉಜ್ಜಿ ಬಾಗಿಲ ಮೇಲಿನ ಬಣ್ಣ ಹೋಯಿತು. ಚಾರ್ಜ್ ಕೂಡ ದಿನಕ್ಕಿಂತ ಜಾಸ್ತಿ ಇಳಿಯಿತು. ಸುಮ್ನೆ ಲಗೇಜ್ ಆಟೊ ಹೇಳಿ.

ಉತ್ತರ 2
ಗೂಡಿಗೆ ಕಾರೇ ಸಾಕು. 50 ಕೆಜಿ ಅಂದರೆ ಒಬ್ಬ ಸಣಕಲು ಮನುಷ್ಯನ ತೂಕ. ತೊಂದರೆ ಜಾಗದ್ದು. ಹಿಂದಿನ ಸೀಟು ಮಡಚಿ, ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ. ಮಂಡಿ ಕೊಟ್ಟು ಅದುಮಬೇಡಿ. ಒಳಗಿನ ಹುಳು ಒಡೆದರೆ ಗೂಡು ಕಲೆಯಾಗುತ್ತದೆ, ರೇಟು ಬಿತ್ತು. ಗೂಡು ಉಸಿರಾಡುತ್ತದೆ, ಗಾಜಿನ ಮೇಲೆ ಹಬೆ ಕಟ್ಟುತ್ತದೆ. ಕಿಟಕಿ ಎರಡು ಬೆರಳು ಇಳಿಸಿ, ಬೆಳಗಿನ ತಂಪಲ್ಲೇ ಹೊರಡಿ. ವಾಸನೆ ಮಾತ್ರ ವಾರ ಹೋಗಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ!

ಕೇಳಿದವರು
ಹೋಗಿಬಂದೆ. ಚಂದ್ರಿಕೆ ಆಟೊದಲ್ಲಿ, ಗೂಡು ಕಾರಲ್ಲಿ. ಒಂದು ಚೀಲ ಮುಂದಿನ ಸೀಟಿಗೆ ಬಂತು. ಬೆಲ್ಟ್ ಹಾಕು ಅಂತ ದಾರಿಯುದ್ದಕ್ಕೂ ಕಾರು ಕಿರುಚಿತು. ಕೊನೆಗೆ ಚೀಲಕ್ಕೇ ಬೆಲ್ಟ್ ಹಾಕಿದೆ.