ಮುಂಗೋಡೆಗೆ ಸಿಮೆಂಟ್ ಬಳಿಯುವ ಮುಂಚೆ ಸ್ವಲ್ಪ ತಡೆಯಿರಿ

ಮೂಲೆ ಮನೆ:
ನಮ್ಮ ಸಾಲಿನ ಹಳೇ ಮನೆಗಳ ಮುಂಭಾಗಕ್ಕೆ ಬಂದಿರುವ 'ಸುಂದರೀಕರಣ'ದ ಪ್ಲ್ಯಾನ್ ಎಲ್ಲರೂ ನೋಡಿದ್ದೀರಲ್ವಾ? ಹಳೇ ಗಾರೆ ಪೂರ್ತಿ ಕಿತ್ತು ಹಾಕುವುದು, ಸಿಮೆಂಟ್ ಪ್ಲಾಸ್ಟರ್ ಮಾಡುವುದು, ಎಲ್ಲಾ ಮನೆಗೂ ಒಂದೇ ಬಣ್ಣದ ಎಮಲ್ಷನ್ ಹೊಡೆಯುವುದು. ಅಷ್ಟೇ ಬರೆದಿದ್ದಾರೆ. ಸಾರವೆ ಕಟ್ಟಿದ ಮೇಲೆ ಮಾತಾಡಿ ಪ್ರಯೋಜನವಿಲ್ಲ, ಕೆಲಸದವರು ಸುತ್ತಿಗೆ ಹಿಡಿದು ಮೇಲೆ ಹತ್ತಿದರೆ ಮಧ್ಯಾಹ್ನದೊಳಗೆ ಎಲ್ಲಾ ಉದುರಿಸಿಬಿಡುತ್ತಾರೆ. ಸದ್ಯಕ್ಕೆ ಯಾರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ನನ್ನ ವಿನಂತಿ ಇಷ್ಟೇ.

ಕಮಾನು ಬಾಗಿಲ ಮನೆ:
ನಾನಂತೂ ಹಾಕುವವನೇ ಸಾರ್. ಮಳೆ ಬಂದಾಗಲೆಲ್ಲ ಮೇಲಿಂದ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕೆಳಗೆ ಮಕ್ಕಳು ಓಡಾಡುತ್ತಾರೆ. ಯಾರ ತಲೆ ಮೇಲಾದರೂ ಬಿದ್ದರೆ ಪರಂಪರೆ ಅಂತ ಕೂತ್ಕೊಳ್ಳೋಕಾಗುತ್ತಾ?

ಮೂಲೆ ಮನೆ:
ಬೀಳುವುದನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಇವತ್ತೇ ಕೆಳಗೆ ಹಗ್ಗ ಕಟ್ಟೋಣ, ಮೇಲೆ ಬಲೆ ಹಾಕಿಸೋಣ. ಆದರೆ ಬೀಳುವ ತುಂಡು ಬೇರೆ, ಇಡೀ ಗೋಡೆ ಬೇರೆ. ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿ. ಗಟ್ಟಿಯಾಗಿ ಕೂತಿರುವ ಕಡೆ ಸದ್ದು ಮಂದವಾಗಿರುತ್ತದೆ, ಗೋಡೆ ಬಿಟ್ಟಿರುವ ಕಡೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳಿರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಕೆಲಸ ಎಲ್ಲಿ ಬೇಕು ಅಂತ ಗೊತ್ತಾಗುತ್ತದೆ. ಗಾರೆ ಗಟ್ಟಿಯಿದ್ದು ಗೋಡೆ ಮಾತ್ರ ಬಿಟ್ಟಿದ್ದರೆ ಸಣ್ಣ ತೂತಿನಿಂದ ಸುಣ್ಣದ ತೆಳು ಗಾರೆ ತುಂಬಿಸಿ ಮತ್ತೆ ಹಿಡಿಸಬಹುದು. ಎಲ್ಲಾ ಕೀಳಬೇಕಾಗಿಲ್ಲ.

ನೀಲಿ ಕಿಟಕಿ ಮನೆ:
ಸಿಮೆಂಟ್ ಹಾಕಿದರೆ ತೊಂದರೆ ಏನು ಅಂತ ಸರಿಯಾಗಿ ಹೇಳಿ. ಗಟ್ಟಿ ಅಲ್ವಾ ಅದು?

ಮೂಲೆ ಮನೆ:
ಗಟ್ಟಿ ಆಗಿರುವುದೇ ತೊಂದರೆ ಮೇಡಂ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ, ಮಾಮೂಲಿ ಮನೆಗಳಿಗೆ ಅದು ಬರಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ನಮ್ಮವು ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗಳು. ನೆಲದಿಂದ ಮೇಲೇರುವ ತೇವ, ಮಳೆಯಿಂದ ಒಳಗಿಳಿದ ತೇವ, ಎಲ್ಲವೂ ಸುಣ್ಣದ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿ ಎಮಲ್ಷನ್ ಹೊಡೆದರೆ ಮಳೆಕೋಟು ಹಾಕಿಕೊಂಡು ಓಡಿದಂತೆ, ಒಳಗೆಲ್ಲ ಬೆವರು. ಒಳಗೇ ನಿಂತ ನೀರಿನಲ್ಲಿರುವ ಲವಣ ಒಣಗಿ ಹರಳುಗಟ್ಟುತ್ತದೆ, ಹರಳು ಬೆಳೆದಂತೆ ಇಟ್ಟಿಗೆಯನ್ನು ಒಳಗಿಂದಲೇ ಒಡೆಯುತ್ತದೆ. ಹೊರಗಿನ ಸಿಮೆಂಟ್ ಚೆನ್ನಾಗೇ ಕಾಣುತ್ತಿರುತ್ತದೆ, ಅದರ ಹಿಂದೆ ಇಟ್ಟಿಗೆ ಪುಡಿಯಾಗುತ್ತಿರುತ್ತದೆ. ನಮ್ಮ ಸಾಲಿನ ಕೊನೇ ಮನೆಗೆ ಹಿಂದೊಮ್ಮೆ ಕೆಳಗಿನ ಅರ್ಧ ಗೋಡೆಗೆ ಮಾತ್ರ ಸಿಮೆಂಟ್ ಹಾಕಿದ್ದಾರಲ್ಲ, ಹೋಗಿ ನೋಡಿ. ಸಿಮೆಂಟ್ ಮುಗಿಯುವ ಗೆರೆಯ ಸರಿಯಾಗಿ ಮೇಲ್ಗಡೆ ಬಿಳಿ ಪುಡಿ ಎದ್ದಿದೆ. ತೇವ ಅಲ್ಲಿಯವರೆಗೂ ಹತ್ತಿ ದಾರಿ ಹುಡುಕಿಕೊಂಡಿದೆ.

ಎರಡನೇ ಮಹಡಿ ಬಾಡಿಗೆಯವರು:
ನಾನು ಬರೀ ಬಾಡಿಗೆಗಿರುವವಳು, ಆದರೂ ಒಂದು ಮಾತು. ನನ್ನ ಕಿಟಕಿ ಪಕ್ಕದ ಮಳೆನೀರಿನ ಪೈಪ್ ಮೇಲ್ಗಡೆ ಬಿಟ್ಟುಹೋಗಿದೆ, ಮಳೆ ಬಂದರೆ ನೀರು ಪೈಪಿಗಿಂತ ಗೋಡೆ ಮೇಲೇ ಜಾಸ್ತಿ ಹರಿಯುತ್ತದೆ. ಗಾರೆ ಉದುರಿರುವುದೂ ಅದೇ ಪಟ್ಟಿಯಲ್ಲಿ. ಸಜ್ಜಾ ಸಂದಿಯಲ್ಲಿ ಗಿಡ ಬೇರೆ ಬೆಳೆದಿದೆ.

ಮೂಲೆ ಮನೆ:
ಅಕ್ಕ, ಇಡೀ ಪ್ಲ್ಯಾನಿನಲ್ಲಿ ಇಲ್ಲದ್ದನ್ನು ನೀವು ಹೇಳಿದ್ರಿ. ಪೈಪ್ ಬಗ್ಗೆ, ಸಜ್ಜಾ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ನೀರು ನಿಲ್ಲಿಸದೆ ಏನು ಬಳಿದರೂ ಮತ್ತೆ ಉದುರುತ್ತದೆ. ಆ ಗಿಡ ಮಾತ್ರ ಯಾರೂ ಜೋರಾಗಿ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸತ್ತ ಮೇಲೆ ಸಂದಿ ತುಂಬಬೇಕು.

ಕಮಾನು ಬಾಗಿಲ ಮನೆ:
ನಮ್ಮ ಕಮಾನಿನ ಮೇಲೊಂದು ಬಿರುಕಿದೆ. ಅದು ಹಳೇದಾ, ಈಗಲೂ ಬೆಳೀತಿದೆಯಾ ಹೇಗೆ ಗೊತ್ತಾಗುತ್ತೆ?

ಮೂಲೆ ಮನೆ:
ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಂದು ತೆಳು ಪಟ್ಟಿ ಹಚ್ಚಿಡಿ. ಗೋಡೆ ಅಲ್ಲಾಡುತ್ತಿದ್ದರೆ ಪಟ್ಟಿ ಒಡೆಯುತ್ತದೆ. ಒಡೆದರೆ ಮೇಸ್ತ್ರಿ ಅಲ್ಲ, ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್ ಬಂದು ನೋಡಬೇಕು. ಬಿರುಕಿನ ಅಂಚಿನಲ್ಲಿ ತುಕ್ಕಿನ ಬಣ್ಣ ಇದ್ದರೆ ಒಳಗೆ ಕಬ್ಬಿಣದ ಕೊಂಡಿ ಇದೆ ಅಂತ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಲ್ಲನ್ನೇ ಸೀಳುತ್ತದೆ.

ಕೆಳಗಿನ ಅಂಗಡಿ:
ಬಣ್ಣದ ವಿಷಯಕ್ಕೆ ಬರೋಣ. ಒಂದೇ ಬಣ್ಣ ಇದ್ದರೆ ತಪ್ಪೇನು? ಜೈಪುರ ನೋಡಿ, ಊರೆಲ್ಲಾ ಗುಲಾಬಿ, ಎಷ್ಟು ಚೆನ್ನಾಗಿದೆ!

ಮೂಲೆ ಮನೆ:
ಜೈಪುರ ಒಳ್ಳೇ ಉದಾಹರಣೆ, ಆದರೆ ನಮಗೆ ಹೊಂದುವುದಿಲ್ಲ. ಅದು 1727ರಲ್ಲಿ ನಕ್ಷೆ ಹಾಕಿ ಒಂದೇ ಯೋಜನೆಯಲ್ಲಿ ಕಟ್ಟಲು ಶುರುಮಾಡಿದ ಊರು. ಗುಲಾಬಿ ಬಣ್ಣ 1876ರಲ್ಲಿ, ಬ್ರಿಟನ್ನಿನ ಯುವರಾಜನ ಭೇಟಿಯ ಸಮಯದಲ್ಲಿ ಬಂದದ್ದು. ನಮ್ಮ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಕಟ್ಟಿದ್ದಾರೆ, ಒಂದರ ಕಿಟಕಿ ಇನ್ನೊಂದಕ್ಕಿಲ್ಲ. ಎಲ್ಲಕ್ಕೂ ಒಂದೇ ಡಬ್ಬದ ಬಣ್ಣ ಹೊಡೆದರೆ ಆ ವ್ಯತ್ಯಾಸವೇ ಹೋಗುತ್ತದೆ. ಬಣ್ಣ ಯಾವುದು ಅಂತ ಗೋಡೆಯನ್ನೇ ಕೇಳಬಹುದು. ಮಳೆ ತಾಗದ ಜಾಗ, ಸಜ್ಜಾ ಕೆಳಗೋ ಕಿಟಕಿ ಚೌಕಟ್ಟಿನ ಮೂಲೆಯಲ್ಲೋ, ಬ್ಲೇಡಿನಿಂದ ಒಂದು ಬೆರಳಗಲ ಮೆಲ್ಲಗೆ ಕೆರೆದರೆ ಪದರ ಪದರವಾಗಿ ಹಳೇ ಬಣ್ಣಗಳು ಕಾಣುತ್ತವೆ. ನನ್ನ ಮನೆಯಲ್ಲಿ ಈಗಿನ ಬೂದು ಬಣ್ಣದ ಕೆಳಗೆ ಹಸಿರು, ಅದರ ಕೆಳಗೆ ಕಾವಿ, ಎಲ್ಲಕ್ಕಿಂತ ಕೆಳಗೆ ಬಿಳಿ ಸುಣ್ಣ. ಬಣ್ಣದ ಜಾತಿಯೂ ಮುಖ್ಯ. ಸುಣ್ಣ ಬಳಿಯುವುದಾದರೆ ಗೋಡೆ ಒದ್ದೆ ಮಾಡಿ, ತೆಳುವಾಗಿ, ಹಲವು ಸಲ. ಅದು ಬೇಡ ಅಂದರೆ ಸಿಲಿಕೇಟ್ ಅನ್ನುವ ಖನಿಜ ಬಣ್ಣ ಇದೆ. 1878ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಆದದ್ದು, ಗೋಡೆಯ ಆವಿಗೆ ಅದು ಅಡ್ಡ ಬರುವುದಿಲ್ಲ.

ನೀಲಿ ಕಿಟಕಿ ಮನೆ:
ಇನ್ನೊಂದು ವಿಷಯ. ಬಿಲ್ಡರ್ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಮುಂಭಾಗ ಹಾಗೇ ಇಟ್ಟು, ಹಿಂದಿನದ್ದು ಕೆಡವಿ ಐದು ಮಹಡಿ ಕಟ್ಟಿಕೊಡುತ್ತಾರಂತೆ. ಹಳೇದೂ ಉಳಿಯುತ್ತೆ, ಹೊಸದೂ ಸಿಗುತ್ತೆ ಅಂತ ಅವರ ಮಾತು.

ಮೂಲೆ ಮನೆ:
ಮುಖವಾಡ ಉಳಿಯುತ್ತದೆ, ಮನೆ ಹೋಗುತ್ತದೆ. ಬ್ರಸೆಲ್ಸ್ ನಗರ ಇದಕ್ಕೇ ಹೆಸರಾಗಿದೆ. ಅಲ್ಲಿ ಎಷ್ಟೋ ಕಡೆ ಹಳೇ ಮುಂಗೋಡೆಯನ್ನು ಉಕ್ಕಿನ ಆಸರೆಯಲ್ಲಿ ನಿಲ್ಲಿಸಿ ಹಿಂದೆ ಆಫೀಸು ಕಟ್ಟಿದ್ದಾರೆ. ಕಿಟಕಿಯ ಎತ್ತರ ಒಂದು, ಒಳಗಿನ ನೆಲದ ಎತ್ತರ ಇನ್ನೊಂದು ಆದರೆ ಕಿಟಕಿ ಮಧ್ಯದಲ್ಲೇ ಸ್ಲ್ಯಾಬ್ ಕಾಣುತ್ತದೆ. ನಿಮ್ಮ ಮನೆ, ನಿಮ್ಮ ತೀರ್ಮಾನ ಮೇಡಂ. ಆದರೆ ನಮ್ಮ ಮನೆಗಳಿಗೆ ನಡುಗೋಡೆ ಒಂದೇ. ನೀವು ಕೆಡವಿದರೆ ಪಕ್ಕದವರ ಗೋಡೆಗೆ ಆಸರೆ ಯಾರು ಕೊಡುತ್ತಾರೆ ಅಂತ ಆ ಬಿಲ್ಡರ್ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಕಮಾನು ಬಾಗಿಲ ಮನೆ:
ಸರಿ ಸಾರ್, ಸಿಮೆಂಟ್ ಬೇಡ ಅಂತಾಯ್ತು. ಆದರೆ ಬಾಗಿಲ ಮೇಲಿನ ಗಾರೆ ಹೂವು ಅರ್ಧ ಬಿದ್ದುಹೋಗಿದೆ, ಕೆಲಸದವರು ಹೊಸ ಡಿಸೈನ್ ಹಾಕಿಕೊಡ್ತೀವಿ ಅಂತಿದ್ದಾರೆ. ಹಾಕಿಸಲಾ?

ಮೂಲೆ ಮನೆ:
ಉಳಿದಿರುವ ಅರ್ಧದ ಅಳತೆ ತೆಗೆದು ಅದೇ ರೀತಿ ಮಾಡಿಸಬಹುದು, ಹಳೇ ಫೋಟೋ ಇದ್ದರೆ ಇನ್ನೂ ಒಳ್ಳೇದು. ಊಹೆ ಶುರುವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಅಂತ ಹಳೇ ಕಟ್ಟಡಗಳ ಸಂರಕ್ಷಣೆಗೆ ಮಾಡಿದ ಅಂತರರಾಷ್ಟ್ರೀಯ ದಾಖಲೆ, 1964ರ ವೆನಿಸ್ ಸನ್ನದಿನಲ್ಲೇ ಇದೆ. ಫೋಟೋ ಎಷ್ಟು ಮುಖ್ಯ ಅಂದರೆ, ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪಟ್ಟಣದ ಶೇ. 85ಕ್ಕಿಂತ ಜಾಸ್ತಿ ನೆಲಸಮವಾಗಿತ್ತು. ಅದನ್ನು ಮತ್ತೆ ಕಟ್ಟಿದ್ದು ಯುದ್ಧಕ್ಕೆ ಮುಂಚಿನ ಅಳತೆ ನಕ್ಷೆಗಳಿಂದ, ಜೊತೆಗೆ 18ನೇ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಇಟಲಿಯ ಚಿತ್ರಕಾರ ಬರೆದ ಬೀದಿಗಳ ಚಿತ್ರಗಳಿಂದ. 1980ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ದಾಖಲೆ ಇತ್ತು, ಆಯ್ತು. ನಮ್ಮ ಹತ್ತಿರ ಏನಿದೆ? ಮದುವೆ ಫೋಟೋಗಳ ಹಿಂದೆ ಕಾಣುವ ಅರ್ಧ ಬಾಗಿಲು.

ಎರಡನೇ ಮಹಡಿ ಬಾಡಿಗೆಯವರು:
ಫೋಟೋ ಕೆಲಸ ನಾನು ಮಾಡ್ತೀನಿ. ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ, ಪ್ರತಿ ಮನೆ ಎದುರಿಂದ ನೇರವಾಗಿ, ಪಕ್ಕದಲ್ಲಿ ಅಳತೆ ಕೋಲು ಇಟ್ಟು. ಭಾನುವಾರ ಬೆಳಿಗ್ಗೆ ಆಗುತ್ತಾ? ಗಾಡಿಗಳನ್ನು ಮಾತ್ರ ದಯವಿಟ್ಟು ಶನಿವಾರ ರಾತ್ರಿಯೇ ತೆಗೆಯಿರಿ.

ಕೆಳಗಿನ ಅಂಗಡಿ:
ಗಾಡಿ ತೆಗೀತೀನಿ. ನನ್ನ ಅಂಗಡಿ ಬೋರ್ಡ್ ವಿಷಯ ಈಗಲೇ ಎತ್ತಬೇಡಿ ಮಾರಾಯ್ರೇ, ಅದರ ಹಿಂದೆ ಕಮಾನಿದೆ ಅಂತ ನನಗೂ ಗೊತ್ತು. ಫೋಟೋಗೆ ಬೇಕಾದರೆ ಒಂದು ದಿನ ಇಳಿಸಿಕೊಡ್ತೀನಿ.

ಮೂಲೆ ಮನೆ:
ಅಷ್ಟು ಸಾಕು, ಥ್ಯಾಂಕ್ಸ್. ಇನ್ನೊಂದು ಎಚ್ಚರಿಕೆ: ಕೆಲಸ ಶುರುವಾದ ಮೇಲೆ ಬಿಚ್ಚಿದ ಮರದ ಕಂಬ, ಕಟಾಂಜನ, ಹೆಂಚು ಏನೇ ಇರಲಿ, ನಂಬರ್ ಬರೆದು ಮನೆಯೊಳಗೇ ಇಡಿ. ಲಿಸ್ಬನ್‌ನಲ್ಲಿ ಗೋಡೆಯ ಬಣ್ಣದ ಟೈಲ್‌ಗಳನ್ನೇ ಕದ್ದು ಸಂತೆಯಲ್ಲಿ ಮಾರುತ್ತಿದ್ದರು, ಕೊನೆಗೆ 2017ರಲ್ಲಿ ಪೋರ್ಚುಗಲ್ ಕಾನೂನನ್ನೇ ಬಿಗಿ ಮಾಡಬೇಕಾಯಿತು.

ಗುಂಪಿನ ಅಡ್ಮಿನ್:
ಓದಿದೆ. ವಾದ ಸಾಕು, ಪ್ಲ್ಯಾನ್ ಮಾಡಿದವರಿಗೆ ಕೊಡುವ ಪತ್ರದ ಕರಡು ಹಾಕುತ್ತಿದ್ದೇನೆ, ತಿದ್ದುಪಡಿ ಇದ್ದರೆ ಇವತ್ತು ರಾತ್ರಿಯೊಳಗೆ ಹೇಳಿ:

"ನಮ್ಮ ಬೀದಿಯ ಮನೆಗಳ ಮುಂಭಾಗದ ದುರಸ್ತಿಗೆ ನಮ್ಮ ವಿರೋಧ ಇಲ್ಲ. ಮೊದಲು ಮಳೆನೀರಿನ ಪೈಪ್ ಮತ್ತು ಸಜ್ಜಾ ಸರಿಪಡಿಸಿ. ಗಾರೆಯನ್ನು ಸಡಿಲವಾಗಿರುವ ಕಡೆ ಮಾತ್ರ ತೆಗೆದು ಸುಣ್ಣದ ಗಾರೆಯಿಂದಲೇ ತುಂಬಿಸಿ. ಮರಳು ಊದಿ ಅಥವಾ ಜೋರು ನೀರು ಬಿಟ್ಟು ಗೋಡೆ ತೊಳೆಯುವುದು ಬೇಡ, ಇಟ್ಟಿಗೆಯ ಸುಟ್ಟ ಮೈ ಹೋದರೆ ಮತ್ತೆ ಬರುವುದಿಲ್ಲ. ಒಂದು ಮನೆಯ ಒಂದು ಮೂಲೆಯಲ್ಲಿ ಮಾದರಿ ಕೆಲಸ ಮಾಡಿ ತೋರಿಸಿ, ಒಂದು ಮಳೆಗಾಲ ನೋಡಿದ ಮೇಲೆ ಉಳಿದದ್ದು. ಬಣ್ಣ ಪ್ರತಿ ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿ."

ಕಮಾನು ಬಾಗಿಲ ಮನೆ:
ಒಂದು ಮಳೆಗಾಲ ಕಾಯೋದು ಜಾಸ್ತಿ ಆಯ್ತು. ಸಡಿಲ ಗಾರೆ ತಕ್ಷಣ ತೆಗೀಬೇಕು ಅಂತ ಸೇರಿಸಿ, ಆಮೇಲೆ ಸಹಿ ಹಾಕ್ತೀನಿ.

ಗುಂಪಿನ ಅಡ್ಮಿನ್:
ಸೇರಿಸಿದೆ. ಭಾನುವಾರ ಫೋಟೋ ಮುಗಿದ ಮೇಲೆ ಮೂಲೆ ಮನೆಯ ಮೆಟ್ಟಿಲ ಹತ್ತಿರ ಪತ್ರ ಇರುತ್ತದೆ. ಪೆನ್ನು ತನ್ನಿ, ಹೋದ ಸಲ ಇಡೀ ಬೀದಿಗೆ ಒಂದೇ ಪೆನ್ನಿತ್ತು.