ಪ್ರತಿದಿನ ಡಬ್ಬಿ ಮೀನು ತಿಂದರೆ ಆರೋಗ್ಯಕ್ಕೆ ಅಪಾಯವಿದೆಯೇ?

ಪ್ರಶ್ನೆ: ಬೈತಖೋಲದಿಂದ

ನಮಸ್ಕಾರ. ನಮ್ಮ ಮನೆ ಕಾರವಾರದ ಬೈತಖೋಲ ಬಂದರಿನ ಹತ್ತಿರ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ, ಈ ಎರಡು ತಿಂಗಳು ಪೇಟೆಗೆ ಬರುವ ಅಲ್ಪಸ್ವಲ್ಪ ಮೀನಿನ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಮಸ್ಕತ್‌ನಲ್ಲಿ ಕೆಲಸ ಮಾಡಿ ಊರಿಗೆ ಮರಳಿರುವ ನನ್ನ ತಮ್ಮ ಅಲ್ಲಿಯ ರೂಢಿಯಂತೆ ದಿನಕ್ಕೊಂದು ಟ್ಯೂನಾ ಡಬ್ಬಿ ತೆರೆಯುತ್ತಾನೆ. ಒಮ್ಮೊಮ್ಮೆ ಟೊಮೆಟೊ ರಸದಲ್ಲಿ ಹಾಕಿದ ತಾರ್ಲೆಯ (ಸಾರ್ಡೀನ್) ಡಬ್ಬಿಯನ್ನೂ ತರುತ್ತಾನೆ. ಅವನೊಬ್ಬನೇ ತಿನ್ನುತ್ತಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಆದರೆ ಐದು ತಿಂಗಳ ಗರ್ಭಿಣಿಯಾದ ತಂಗಿ ತವರಿಗೆ ಬಂದಿದ್ದಾಳೆ, ಅವಳಿಗೂ ಅದೇ ರುಚಿ ಹತ್ತಿದೆ. ತಂದೆಯವರಿಗೆ ರಕ್ತದೊತ್ತಡವಿದೆ, ಆಗಾಗ ಕಾಲಿನ ಹೆಬ್ಬೆರಳ ಕೀಲು ಊದಿಕೊಳ್ಳುತ್ತದೆ. ನೆರೆಯವರು ಡಬ್ಬಿಯಲ್ಲಿರುವುದೆಲ್ಲ ವಿಷ ಎನ್ನುತ್ತಾರೆ, ತಮ್ಮ ಇದರಷ್ಟು ಒಳ್ಳೆಯ ಪ್ರೋಟೀನ್ ಬೇರೆ ಇಲ್ಲ ಎನ್ನುತ್ತಾನೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ಕೇಳಿಕೊಳ್ಳುತ್ತೇನೆ.

ಉತ್ತರ 1: ಆಹಾರತಜ್ಞೆ, ಕುಮಟಾ

ನಿಮ್ಮ ಮನೆಯಲ್ಲಿ ಮೂವರು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರೂ ಮೂವರಿಗೂ ಬರಬಹುದಾದ ತೊಂದರೆ ಬೇರೆ ಬೇರೆಯಾದುದು. ಆದ್ದರಿಂದ ಡಬ್ಬಿಯೊಳಗೆ ಯಾವ ಮೀನಿದೆ, ಅದನ್ನು ತಿನ್ನುವವರು ಯಾರು ಎಂಬುದನ್ನು ಮೊದಲು ನೋಡಬೇಕು.

ತಂಗಿಯ ವಿಷಯದಿಂದ ಆರಂಭಿಸುತ್ತೇನೆ, ಏಕೆಂದರೆ ಅದೇ ಹೆಚ್ಚು ಮುಖ್ಯವಾದುದು. ಸಮುದ್ರದ ನೀರಿಗೆ ಸೇರಿದ ಪಾದರಸವು ಸೂಕ್ಷ್ಮಜೀವಿಗಳ ಕ್ರಿಯೆಯಿಂದ, ನರಗಳಿಗೆ ಹಾನಿಮಾಡುವ ಮೀಥೈಲ್ ಪಾದರಸವಾಗಿ ಮಾರ್ಪಟ್ಟು, ಸಣ್ಣ ಮೀನಿನಿಂದ ಅದನ್ನು ತಿನ್ನುವ ದೊಡ್ಡ ಮೀನಿಗೆ ದಾಟುತ್ತಾ ಹೋದಂತೆ ಅದರ ಪ್ರಮಾಣ ಏರುತ್ತದೆ. ಹೀಗಾಗಿ ಹಲವು ವರ್ಷ ಬದುಕಿ, ಬೇರೆ ಮೀನುಗಳನ್ನು ಬೇಟೆಯಾಡುವ ಟ್ಯೂನಾದಲ್ಲಿ ಅದು ಹೆಚ್ಚು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿಂದು ಕೆಲವೇ ವರ್ಷ ಬದುಕುವ ತಾರ್ಲೆಯಲ್ಲಿ ತೀರ ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪಟ್ಟಿಯಂತೆ ಒಂದು ಗ್ರಾಂ ಮೀನಿನಲ್ಲಿ ಸರಾಸರಿ ಪಾದರಸವು ಅಲ್ಬಕೋರ್ ಎಂಬ ಬಿಳಿ ಟ್ಯೂನಾ ಡಬ್ಬಿಯಲ್ಲಿ 0.35 ಮೈಕ್ರೋಗ್ರಾಂ, ಲೈಟ್ ಟ್ಯೂನಾ ಎಂದು ಬರೆದಿರುವುದರಲ್ಲಿ ಸುಮಾರು 0.13 ಮೈಕ್ರೋಗ್ರಾಂ, ತಾರ್ಲೆ ಜಾತಿಯ ಮೀನಿನಲ್ಲಿ 0.013 ಮೈಕ್ರೋಗ್ರಾಂ ಇದೆ.

ಈಗ ನಿಮ್ಮ ಮನೆಯ ಲೆಕ್ಕವನ್ನೇ ಮಾಡೋಣ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.3 ಮೈಕ್ರೋಗ್ರಾಂ ಮೀಥೈಲ್ ಪಾದರಸವನ್ನು ಮಿತಿಯೆಂದು ಇಟ್ಟಿದೆ. 60 ಕಿಲೋ ತೂಕದವರಿಗೆ ಅದು ವಾರಕ್ಕೆ 78 ಮೈಕ್ರೋಗ್ರಾಂ ಆಗುತ್ತದೆ. ನೀರು ಅಥವಾ ಎಣ್ಣೆ ಬಸಿದ ಮೇಲೆ ಒಂದು ಡಬ್ಬಿಯಲ್ಲಿ 100 ಗ್ರಾಂ ಮೀನು ಉಳಿಯುತ್ತದೆ ಎಂದುಕೊಂಡರೆ, ಪ್ರತಿದಿನ ಲೈಟ್ ಟ್ಯೂನಾ ತಿನ್ನುವವರ ಹೊಟ್ಟೆಗೆ ವಾರಕ್ಕೆ ಸುಮಾರು 90 ಮೈಕ್ರೋಗ್ರಾಂ ಸೇರುತ್ತದೆ, ಬಿಳಿ ಟ್ಯೂನಾ ಆದರೆ ಅದು 245 ಆಗುತ್ತದೆ. ಅದೇ ಪ್ರಮಾಣದ ತಾರ್ಲೆ ತಿಂದರೆ ವಾರಕ್ಕೆ ಸುಮಾರು 9 ಮೈಕ್ರೋಗ್ರಾಂ ಮಾತ್ರ. ಮಿತಿ ದಾಟಿದ ಕೂಡಲೇ ಯಾರೂ ಹಾಸಿಗೆ ಹಿಡಿಯುವುದಿಲ್ಲ, ಏಕೆಂದರೆ ಆ ಮಿತಿಯನ್ನು ಸಾಕಷ್ಟು ಎಚ್ಚರಿಕೆಯಿಂದ ಕೆಳಗೇ ಇಟ್ಟಿರುತ್ತಾರೆ. ಆದರೆ ದೇಹಕ್ಕೆ ಸೇರಿದ ಮೀಥೈಲ್ ಪಾದರಸದಲ್ಲಿ ಅರ್ಧದಷ್ಟು ಹೊರಹೋಗಲು ಒಂದೂವರೆ ಎರಡು ತಿಂಗಳು ಹಿಡಿಯುವುದರಿಂದ, ದಿನವೂ ತಿನ್ನುವವರಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಗರ್ಭಿಣಿಯಲ್ಲಿ ಮಾಸನ್ನು ದಾಟಿ ಶಿಶುವಿನ ಬೆಳೆಯುತ್ತಿರುವ ಮಿದುಳನ್ನು ತಲುಪುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ ಅಷ್ಟಾಗಿ ಲಕ್ಷಣಗಳಿಲ್ಲದ ತಾಯಂದಿರಿಗೂ ತೀವ್ರ ನರದೋಷವಿದ್ದ ಮಕ್ಕಳು ಹುಟ್ಟಿದ್ದರು. ಅಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ಕೊಲ್ಲಿಗೆ ಸೇರಿದ ಪಾದರಸದ ಪ್ರಮಾಣ ಬಹಳ ದೊಡ್ಡದು, ಅದಕ್ಕೂ ಅಂಗಡಿಯ ಡಬ್ಬಿಗೂ ಹೋಲಿಕೆ ಸಲ್ಲದು. ಶಿಶು ತಾಯಿಗಿಂತ ಎಷ್ಟು ಸೂಕ್ಷ್ಮ ಎಂಬುದನ್ನು ತಿಳಿಸಲಷ್ಟೇ ಇದನ್ನು ಹೇಳಿದೆ.

ಹಾಗೆಂದು ಹೆದರಿ ತಂಗಿಗೆ ಮೀನನ್ನೇ ಬಿಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಶಿಶುವಿನ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಬೇಕಾದ ಒಮೇಗಾ-3 ಕೊಬ್ಬು ಮೀನಿನಿಂದಲೇ ಸುಲಭವಾಗಿ ಸಿಗುವುದು. ಗರ್ಭಿಣಿಯರು ವಾರಕ್ಕೆ ಎರಡರಿಂದ ಮೂರು ಸಲ, ಒಂದು ಸಲಕ್ಕೆ ಸುಮಾರು 110 ಗ್ರಾಂನಂತೆ, ಪಾದರಸ ಕಡಿಮೆಯಿರುವ ಮೀನು ತಿನ್ನಬೇಕೆಂದೇ ಅಮೆರಿಕದ ಸಲಹೆಯಿದೆ. ಅದರಲ್ಲಿ ತಾರ್ಲೆಯೂ ಲೈಟ್ ಟ್ಯೂನಾವೂ ಸೇರಿವೆ, ಬಿಳಿ ಟ್ಯೂನಾ ಮಾತ್ರ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ ಎನ್ನುತ್ತದೆ. ತಂಗಿಗೆ ತಾರ್ಲೆಯ ಡಬ್ಬಿಯನ್ನೇ ಕೊಡಿ. ಅದರ ಮುಳ್ಳು ಬೆಂದು ಮೆತ್ತಗಾಗಿರುವುದರಿಂದ ಮುಳ್ಳು ಸಹಿತ ತಿಂದಾಗ 100 ಗ್ರಾಂನಲ್ಲಿ 380 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ದೊರೆಯುತ್ತದೆ. ಟ್ಯೂನಾದಲ್ಲಿ ಈ ಲಾಭವಿಲ್ಲ.

ಉತ್ತರ 2: ಹೊನ್ನಾವರದಿಂದ

ನಾನು ಕರಾವಳಿಯ ಒಂದು ಮೀನು ಡಬ್ಬಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದು ನಿವೃತ್ತನಾದವನು. ಅಕ್ಕನವರು ಪಾದರಸದ ಬಗ್ಗೆ ಬರೆದಿರುವುದರಿಂದ ನಾನು ಡಬ್ಬಿಯ ಬಗ್ಗೆ ಹೇಳುತ್ತೇನೆ.

ಡಬ್ಬಿ ಮೀನು ಕೆಡದಿರುವುದು ಔಷಧಿ ಬೆರೆಸುವುದರಿಂದ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ. ಗಾಳಿಯಾಡದಂತೆ ಮುಚ್ಚಿದ ಡಬ್ಬಿಯನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಿ ಬೊಟುಲಿನಂ ಎಂಬ ರೋಗಾಣುವಿನ ಗಟ್ಟಿ ಬೀಜಾಣುಗಳನ್ನೂ ಕೊಲ್ಲುತ್ತಾರೆ. ಆ ಕಾಯಿಸುವಿಕೆಯಲ್ಲಿ ಕೊರತೆಯಾದರೆ, ಅಥವಾ ಅಂಚಿನ ಬೆಸುಗೆ ಬಿಟ್ಟರೆ, ಒಳಗೆ ನರಗಳನ್ನು ನಿಶ್ಚೇಷ್ಟಗೊಳಿಸುವ ವಿಷ ಹುಟ್ಟಬಹುದು. ಆದ್ದರಿಂದ ಉಬ್ಬಿದ, ಅಂಚು ಜಜ್ಜಿದ, ತುಕ್ಕು ಆಳವಾಗಿ ತಿಂದ, ತೆರೆಯುವಾಗ ದ್ರವ ಚಿಮ್ಮುವ ಡಬ್ಬಿಯನ್ನು ರುಚಿ ಕೂಡ ನೋಡದೆ ಎಸೆಯಿರಿ. ನಮ್ಮ ಕಡಲತೀರದ ಮಳೆಗಾಲದ ತೇವಕ್ಕೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಡಬ್ಬಿಗಳನ್ನು ಒಣ ಜಾಗದಲ್ಲಿಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಹಿಸ್ಟಮೀನ್. ಬಂಗಡೆ, ತಾರ್ಲೆ, ಟ್ಯೂನಾ ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಂಶ ಹೆಚ್ಚಿರುತ್ತದೆ. ಹಿಡಿದ ಮೀನನ್ನು ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಆಗಿ ಪರಿವರ್ತಿಸುತ್ತವೆ, ಒಮ್ಮೆ ಹುಟ್ಟಿದ ಹಿಸ್ಟಮೀನ್ ಕಾರ್ಖಾನೆಯ ಆ ಬಿಸಿಗೂ ನಾಶವಾಗುವುದಿಲ್ಲ. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈಮೇಲೆ ದದ್ದು ಎದ್ದರೆ ಇದನ್ನು ಸಂಶಯಿಸಿ ವೈದ್ಯರಿಗೆ ತೋರಿಸಬೇಕು. ಮಂಜುಗಡ್ಡೆ ಸಾಲದೆ ಬಂದ ತಾಜಾ ಬಂಗಡೆಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದನ್ನು ನೆರೆಯವರಿಗೆ ತಿಳಿಸಿ.

ಡಬ್ಬಿಯ ಒಳಲೇಪದಲ್ಲಿ ಬಳಸುತ್ತ ಬಂದ ಬಿಸ್‌ಫಿನಾಲ್-ಎ ಎಂಬ ರಾಸಾಯನಿಕದ ಕುರಿತು ನಿಜವಾದ ಆತಂಕವಿದೆ. ಯುರೋಪಿನ ಪ್ರಾಧಿಕಾರ 2023ರಲ್ಲಿ ಅದರ ಮಿತಿಯನ್ನು ಮೊದಲಿಗಿಂತ 20,000 ಪಟ್ಟು ಕೆಳಗಿಳಿಸಿತು. 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟವು ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮ ತಂದಿತು. ಎಲ್ಲ ದೇಶಗಳೂ ಹಾಗೆ ಮಾಡಿಲ್ಲ. ಮನೆಯಲ್ಲಿ ನೀವು ಮಾಡಬಹುದಾದದ್ದೆಂದರೆ ಡಬ್ಬಿಯನ್ನೇ ಒಲೆಯ ಮೇಲಿಟ್ಟು ಬಿಸಿ ಮಾಡದಿರುವುದು, ಮತ್ತು ದಿನವೂ ತಿನ್ನುವ ರೂಢಿಯನ್ನು ಬಿಡುವುದು.

ಪ್ರಶ್ನಿಸಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂಗಿಗೆ ಈ ವಾರದಿಂದಲೇ ಟ್ಯೂನಾ ನಿಲ್ಲಿಸಿದ್ದೇವೆ. ತಂದೆಯವರು ಮಾತ್ರ, ಡಬ್ಬಿ ಬೇಡವಾದರೆ ಬೇಸಿಗೆಯಲ್ಲಿ ತೆಗೆದಿಟ್ಟ ಒಣಮೀನು ಸುಟ್ಟು ಗಂಜಿಯೊಂದಿಗೆ ತಿನ್ನುತ್ತೇನೆ ಎನ್ನುತ್ತಿದ್ದಾರೆ. ಅದು ಅವರಿಗೆ ಹಿತವೇ?

ಉತ್ತರ 3: ವೈದ್ಯ, ಶಿರಸಿ

ನಿಮ್ಮ ತಂದೆಯವರಿಗೆ ಡಬ್ಬಿಗಿಂತ ಒಣಮೀನೇ ಹೆಚ್ಚು ಅಪಾಯಕಾರಿ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂನೊಳಗೆ ಸೋಡಿಯಂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 100 ಗ್ರಾಂ ಡಬ್ಬಿ ಮೀನಿನಲ್ಲಿ ಸಾಮಾನ್ಯವಾಗಿ 300ರಿಂದ 400 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಉಪ್ಪುನೀರನ್ನು ಚೆಲ್ಲಿ ಮೀನನ್ನು ತೊಳೆದರೆ ಇನ್ನೂ ಇಳಿಯುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ನೂರಕ್ಕೆ ಹತ್ತು ಪಾಲಿಗೂ ಮೀರಿ ಉಪ್ಪಿರುವುದು ಸಾಮಾನ್ಯವಾದ್ದರಿಂದ, ನೆನೆಸದೆ ಸುಟ್ಟ 50 ಗ್ರಾಂ ತುಂಡಿನಲ್ಲೇ ಇಡೀ ದಿನದ ಉಪ್ಪು ಮುಗಿದುಹೋಗುತ್ತದೆ. ಗಂಜಿಯ ಜೊತೆಗಿನ ಉಪ್ಪಿನಕಾಯಿ ಅದರ ಮೇಲೆ. ಒಣಮೀನು ನಮ್ಮ ಜಿಲ್ಲೆಯ ಮಳೆಗಾಲದ ಆಸರೆ ಎಂಬುದನ್ನು ಬಲ್ಲೆ, ಪೂರ್ತಿ ಬಿಡಿ ಎಂದು ಹೇಳುವ ಮನಸ್ಸಿಲ್ಲ. ಆದರೆ ಅವರು ತಿನ್ನುವುದಾದರೆ ನೀರು ಬದಲಿಸುತ್ತ ಚೆನ್ನಾಗಿ ನೆನೆಸಿ, ಸಣ್ಣ ತುಂಡನ್ನು ಅಪರೂಪಕ್ಕೊಮ್ಮೆ ತಿನ್ನಲಿ.

ಹೆಬ್ಬೆರಳ ಕೀಲು ಊದುವ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಗೌಟ್, ಅಂದರೆ ಯೂರಿಕ್ ಆಮ್ಲದ ಹರಳು ಕೀಲಿನಲ್ಲಿ ಸೇರಿ ಊತ ತರುವ ರೋಗ, ಆಗಿರಬಹುದು. ತಾರ್ಲೆ, ಬಂಗಡೆಯಂಥ ಮೀನುಗಳಲ್ಲಿ ಪ್ಯೂರಿನ್ ಎಂಬ ಅಂಶ ಹೆಚ್ಚಿದ್ದು, ಅದರಿಂದ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ತಂಗಿಗೆ ಹಿತವಾದ ತಾರ್ಲೆಯ ಡಬ್ಬಿಯೇ ತಂದೆಗೆ ನೋವು ತರಬಹುದು. ರಕ್ತದಲ್ಲಿ ಯೂರಿಕ್ ಆಮ್ಲ ಮತ್ತು ಮೂತ್ರಪಿಂಡದ ಸ್ಥಿತಿ ಪರೀಕ್ಷಿಸಿ, ವೈದ್ಯರು ನೋಡಿ ಹೇಳುವವರೆಗೆ ಅವರಿಗೆ ಮೊಟ್ಟೆ, ಮಜ್ಜಿಗೆ, ಬೇಳೆಗಳಿಂದ ಪ್ರೋಟೀನ್ ದೊರೆಯಲಿ.

ತಮ್ಮನಿಗೆ ವಾರಕ್ಕೆ ಎರಡು ಮೂರು ಡಬ್ಬಿ ಸಾಕು, ಅದರಲ್ಲಿಯೂ ಟ್ಯೂನಾ ಮತ್ತು ತಾರ್ಲೆಯನ್ನು ಬದಲಿಸುತ್ತಿರಲಿ. ತೆರೆದ ಡಬ್ಬಿಯಲ್ಲಿ ಉಳಿದ ಮೀನನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಮಳೆಗೆ ಕರೆಂಟು ದೀರ್ಘಕಾಲ ಹೋಗಿದ್ದರೆ ಅದನ್ನು ಉಳಿಸಿಕೊಳ್ಳಬೇಡಿ.